ಕಾಫಿ ಕಣ, ಲೈನ್ ಮನೆ ಕೆಲಸಕ್ಕೆ ರೋಟರಿ ಲೇಸರ್ ಲೆವೆಲ್: ಯಾವುದು ತಗೊಳ್ಳೋದು?

ಆಲ್ದೂರು ಕಾಂಟ್ರಾಕ್ಟರ್
ಎಲ್ಲರಿಗೂ ನಮಸ್ಕಾರ. ಆಲ್ದೂರು, ಮೂಡಿಗೆರೆ ಸುತ್ತಮುತ್ತ ಮನೆ ಕೆಲಸ, ಎಸ್ಟೇಟ್ ಕೆಲಸ ಮಾಡಿಸುತ್ತೇನೆ. ಲೆವೆಲ್ ನೋಡುವುದಕ್ಕೆ ಇಲ್ಲಿಯವರೆಗೆ ನೀರಿನ ಪೈಪೇ ಗತಿ. ಕೆಲಸ ದೊಡ್ಡದಾದರೆ ಚಿಕ್ಕಮಗಳೂರಿನಿಂದ ಡಂಪಿ (ದುರ್ಬೀನಿನಲ್ಲಿ ಕಣ್ಣಿಟ್ಟು ಮಟ್ಟ ನೋಡುವ ಉಪಕರಣ) ಬಾಡಿಗೆಗೆ ತರಿಸುತ್ತೇವೆ. ಅದನ್ನು ನೋಡುವ ಹುಡುಗನಿಗೂ ಬೇರೆ ಕೂಲಿ. ಅವನು ಬಿಡುವಾಗಿರುವ ದಿನ ಜೆಸಿಬಿ ಸಿಗಲ್ಲ, ಜೆಸಿಬಿ ಸಿಕ್ಕ ದಿನ ಅವನು ಸಿಗಲ್ಲ.

ಈ ಸಲ ಮಳೆ ಬಿಟ್ಟ ಮೇಲೆ ಕಾಫಿ ಕಣದ (ಕಾಫಿ ಒಣಗಿಸುವ ಕಾಂಕ್ರೀಟ್ ಅಂಗಳ) ಕೆಲಸ ಒಪ್ಪಿಕೊಂಡಿದ್ದೇನೆ. ದೊಡ್ಡ ಕಣ 30 ಮೀಟರ್ ಉದ್ದ, 20 ಮೀಟರ್ ಅಗಲ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತಿಗೆ ಕಾಂಕ್ರೀಟ್ ಹಾಕಿ, ಕ್ಯೂರಿಂಗ್ ಮುಗಿದಿರಬೇಕು. ಅದರ ಹಿಂದೆಯೇ ಲೈನ್ ಮನೆಗಳ (ತೋಟದ ಕೆಲಸಗಾರರ ಸಾಲು ಮನೆ) ಪಾಯ. ಹಾಗಾಗಿ ಸ್ವಂತಕ್ಕೆ ಒಂದು ಲೇಸರ್ ಲೆವೆಲ್ ತಗೊಂಡುಬಿಡೋಣ ಅಂತ.

ಅಂಗಡಿಯವರು 16 ಲೈನ್ ಹಸಿರು ಲೇಸರ್ ತೋರಿಸಿ "ಇದೇ ಸಾಕು ಸಾರ್, ರೋಟರಿ ಎಲ್ಲ ಹೈವೇ ಕೆಲಸದವರಿಗೆ" ಅಂದರು. ನಿಜವಾ? ಕೆಂಪು ತಗೊಳ್ಳಲೋ ಹಸಿರೋ? ಕಣಕ್ಕೆ ವಾಟ (ನೀರು ಹರಿಯುವಂತೆ ಇಳಿಜಾರು) ಕೊಡಬೇಕು, ಅದಕ್ಕೆ ಸ್ಲೋಪ್ ಇರುವ ಮೆಷಿನ್ನೇ ಬೇಕಾ? ಬಳಸಿದವರು ಹೇಳಿ.

ಬೇಲೂರು ಗಾರೆ ಮೇಸ್ತ್ರಿ
ಸಾರ್, 30 ಮೀಟರ್ ಕಣಕ್ಕೆ ಲೇಸರ್ ಯಾಕೆ? ನಮ್ಮ ತಂದೆ ಕಾಲದಿಂದ ಪೈಪಿನಲ್ಲೇ ಲೆವೆಲ್ ನೋಡಿ ಮನೆ ಕಟ್ಟಿದ್ದೇವೆ. ಪೈಪಿಗೆ ಸೆಲ್ ಬೇಡ, ಸರ್ವಿಸ್ ಬೇಡ, ಬೆಂಗಳೂರಿಗೆ ಕಳಿಸುವುದೂ ಬೇಡ. ಒಳಗೆ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿಸಿದರೆ ಅದು ಸುಳ್ಳು ಹೇಳುವುದಿಲ್ಲ. ನಾನು ನೋಡಿದ ಲೇಸರ್‌ಗಳಲ್ಲಿ ಅರ್ಧ ಪೆಟ್ಟಿಗೆಯೊಳಗೇ ಇರುತ್ತವೆ. ಸೆಲ್ ಮುಗಿದಿರುತ್ತದೆ, ಇಲ್ಲವೇ ಆನ್ ಮಾಡುವುದು ಗೊತ್ತಿರುವ ಹುಡುಗ ಕೆಲಸ ಬಿಟ್ಟಿರುತ್ತಾನೆ.

ಹಾಸನ ಸೈಟ್ ಇಂಜಿನಿಯರ್
ಮೇಸ್ತ್ರಿಯವರು ಹೇಳಿದ್ದರಲ್ಲಿ ಸತ್ಯ ಇದೆ, ಪೈಪ್ ತಪ್ಪಲ್ಲ. ಆದರೆ ಪೈಪಿಗೆ ಎರಡು ಜನ ಬೇಕು. ಒಂದು ತುದಿ ಬಿಸಿಲಲ್ಲಿ, ಇನ್ನೊಂದು ನೆರಳಲ್ಲಿ ಇದ್ದರೆ ನೀರಿನ ಬಿಸಿಯೂ ಬೇರೆಯಾಗುತ್ತದೆ, ಮಟ್ಟ ಸ್ವಲ್ಪ ಸರಿಯುತ್ತದೆ. 30 ಮೀಟರ್ ಪೈಪನ್ನು ಕಬ್ಬಿಣ ಕಟ್ಟಿದ ಜಾಗದಲ್ಲಿ ಎಳೆದಾಡುವ ಕಷ್ಟ ಅವರಿಗೇ ಚೆನ್ನಾಗಿ ಗೊತ್ತು. ಕಣದಲ್ಲಿ ನೂರಾರು ಕಡೆ ಮಟ್ಟ ನೋಡಬೇಕು. ಲೇಸರ್ ಉಳಿಸುವುದು ಅಲ್ಲಿ.

ಅಂಗಡಿಯವರ ಮಾತು ಮಾತ್ರ ಒಪ್ಪುವುದಿಲ್ಲ. 12 ಲೈನ್, 16 ಲೈನ್ ಎಂದು ಮಾರುವುದು ಲೈನ್ ಲೇಸರ್. ಅದು ಗೋಡೆಯ ಮೇಲೆ ಗೆರೆ ಎಳೆಯುತ್ತದೆ. ಬೆಳಗ್ಗೆ ಹತ್ತು ಗಂಟೆ ಬಿಸಿಲಿಗೆ ಆ ಗೆರೆ ಕಣ್ಣಿಗೆ ಕಾಣುವುದಿಲ್ಲ, ಹಸಿರಾದರೂ ಅಷ್ಟೆ. ರೋಟರಿಯಲ್ಲಿ ಒಂದೇ ಚುಕ್ಕಿ ಜೋರಾಗಿ ಸುತ್ತುತ್ತದೆ, ಸಾಮಾನ್ಯವಾಗಿ ನಿಮಿಷಕ್ಕೆ 600 ಸುತ್ತು. ಆ ಬೆಳಕನ್ನು ಹೊರಗಡೆ ಕಣ್ಣಲ್ಲಿ ಹುಡುಕುವ ಕೆಲಸವೇ ಇಲ್ಲ. ಸ್ಟಾಫಿಗೆ, ಅಂದರೆ ಅಳತೆ ಗುರುತಿರುವ ಉದ್ದ ಕೋಲಿಗೆ, ಕಟ್ಟಿದ ರಿಸೀವರ್ ಹುಡುಕುತ್ತದೆ. ನಮ್ಮ ಹುಡುಗರು ಅದನ್ನು ಸೆನ್ಸರ್ ಅನ್ನುತ್ತಾರೆ. ಬೆಳಕಿಗಿಂತ ಕೆಳಗಿದ್ದರೆ ಒಂದು ಥರ ಬೀಪ್, ಮೇಲಿದ್ದರೆ ಇನ್ನೊಂದು ಥರ, ಸರಿಯಾಗಿ ಕೂತರೆ ನಿಲ್ಲದ ಒಂದೇ ಸದ್ದು. ಓದು ಬರಹ ಬರದವರೂ ಬೇಗ ಕಲಿಯುತ್ತಾರೆ.

ನಿಮ್ಮ ಕೆಲಸ ಬಯಲಲ್ಲಿ. ರೋಟರಿ ತಗೊಳ್ಳಿ.

ಚನ್ನರಾಯಪಟ್ಟಣ ಟೈಲ್ಸ್
ನನ್ನ ಹತ್ತಿರ 16 ಲೈನಿನದೇ ಇದೆ. ಒಳಗಡೆ ಕೆಲಸಕ್ಕೆ ಅದನ್ನು ಬಿಟ್ಟರೆ ಬೇರೆ ಇಲ್ಲ. ಟೈಲ್ಸ್, ಫಾಲ್ಸ್ ಸೀಲಿಂಗ್, ಸ್ವಿಚ್ ಬಾಕ್ಸ್, ಕಿಚನ್ ಸ್ಲ್ಯಾಬ್, ಎಲ್ಲಕ್ಕೂ ಬರುತ್ತದೆ. ಹೊರಗಡೆ ತಂದರೆ ಆಟದ ಸಾಮಾನು. ಪಲ್ಸ್ ಮೋಡ್ ಎಂಬುದು ಇದ್ದರೆ ಅದಕ್ಕೂ ರಿಸೀವರ್ ಹಾಕಬಹುದು. ಆದರೆ ಆ ರಿಸೀವರ್ ರೋಟರಿಗೆ ಆಗುವುದಿಲ್ಲ, ರೋಟರಿಯದು ಇದಕ್ಕೆ ಆಗುವುದಿಲ್ಲ. ಸುಮ್ನೆ ಎರಡು ಸಲ ದುಡ್ಡು ಹಾಕಬೇಡಿ ಅಣ್ಣ.

ಸರ್ವೇ ಚಿಕ್ಕಮಗಳೂರು
ಕೆಂಪೋ ಹಸಿರೋ ಎಂಬುದಕ್ಕೆ ಮೊದಲು ಉತ್ತರ. ಕೆಂಪು ಸಾಮಾನ್ಯವಾಗಿ 635 ನ್ಯಾನೋಮೀಟರ್, ಹಸಿರು 520ರ ಆಸುಪಾಸು. ನಮ್ಮ ಕಣ್ಣು ಹಗಲಲ್ಲಿ 555ರ ಹತ್ತಿರದ ಬಣ್ಣಕ್ಕೆ ಜಾಸ್ತಿ ಚುರುಕು, ಅದಕ್ಕೇ ಒಳಗಡೆ ಹಸಿರು ಎದ್ದು ಕಾಣುತ್ತದೆ. ನೀವು ಹೇಗೂ ರಿಸೀವರ್‌ನಲ್ಲಿ ನೋಡುವವರು. ರಿಸೀವರ್‌ಗೆ ಅಂದಚೆಂದ ಬೇಡ. ಹಸಿರಿಗೆ ಬೆಲೆಯೂ ಜಾಸ್ತಿ, ಬ್ಯಾಟರಿಯೂ ಬೇಗ ಖಾಲಿ. ಹೊರಗಿನ ಕೆಲಸಕ್ಕೆ ಕೆಂಪು ಸಾಕು. ಕೆಂಪಿನ ರಿಸೀವರ್ ಹಸಿರನ್ನು ಹಿಡಿಯುವುದಿಲ್ಲ, ಮುಂದೆ ಬಿಡಿಯಾಗಿ ಇನ್ನೊಂದು ರಿಸೀವರ್ ತಗೊಳ್ಳುವಾಗ ಇದು ನೆನಪಿರಲಿ.

ಇನ್ನು ಸ್ಲೋಪ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಬೆಲೆ ಏರುವುದು ಇಲ್ಲೇ.

ನಿಮ್ಮ ಕಣ 20 ಮೀಟರ್ ಅಗಲ. ನೂರಕ್ಕೆ ಒಂದರ ವಾಟ ಕೊಟ್ಟರೆ ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ 20 ಸೆಂಟಿಮೀಟರ್ ಇಳಿಯಬೇಕು. ಬರೀ ಸಮತಟ್ಟು ತೋರಿಸುವ ಲೇಸರ್ ಇಟ್ಟುಕೊಂಡೇ ಇದನ್ನು ಮಾಡಬಹುದು. ಮೇಲಿನ ಅಂಚಿನಲ್ಲಿ, ಕಾಂಕ್ರೀಟ್ ಮುಗಿಯುವ ಮಟ್ಟದ ಗೂಟದ ಮೇಲೆ ಸ್ಟಾಫ್ ನಿಲ್ಲಿಸಿ. ರಿಸೀವರ್ 1.200 ಮೀಟರಿನಲ್ಲಿ ಸದ್ದು ಮಾಡಿತು ಅಂದುಕೊಳ್ಳಿ. ಕೆಳಗಿನ ಅಂಚಿನ ಕಡೆಗೆ ಎರಡು ಮೀಟರ್ ಬಂದರೆ ನೆಲ 2 ಸೆಂಟಿಮೀಟರ್ ಇಳಿದಿರಬೇಕು, ರಿಸೀವರನ್ನು 1.220ಕ್ಕೆ ಏರಿಸಿ ಆ ಸಾಲಿನ 30 ಮೀಟರ್ ಪೂರ್ತಿ ಗುರುತು ಹಾಕಿ. ಮುಂದಿನ ಸಾಲಿಗೆ 1.240. ಹೀಗೆ ಹೋದರೆ ಕೊನೆಯ ಅಂಚಿಗೆ 1.400. ಒಂದು ಚೀಟಿಯಲ್ಲಿ ಸಾಲಿನ ನಂಬರು, ಎದುರಿಗೆ ಓದು (ಸ್ಟಾಫಿನ ಮೇಲಿನ ಅಂಕಿ) ಬರೆದು ಸ್ಟಾಫಿಗೇ ಅಂಟಿಸಿಬಿಡಿ. ಹುಡುಗರು ಲೆಕ್ಕ ಹಾಕುವ ಪ್ರಮೇಯವೇ ಬರುವುದಿಲ್ಲ.

ಸ್ಲೋಪ್ ಇರುವ ಮೆಷಿನ್ನಿನಲ್ಲಿ ಬೆಳಕನ್ನೇ ನೂರಕ್ಕೆ ಒಂದು ವಾಲಿಸುತ್ತೀರಿ. ರಿಸೀವರ್ ಒಂದೇ ಕಡೆ ಇರುತ್ತದೆ, ಕಣ ಪೂರ್ತಿ ಅದೇ ಓದು. ಬೇಗ ಆಗುತ್ತದೆ, ನಿಜ. ಆದರೆ ಯಂತ್ರದ ಮುಖವನ್ನು ವಾಟದ ದಿಕ್ಕಿಗೆ ಸರಿಯಾಗಿ ತಿರುಗಿಸಿ ಇಡಬೇಕು. ಬರೀ 5 ಡಿಗ್ರಿ ಓರೆಯಾದರೂ 30 ಮೀಟರ್ ಉದ್ದಕ್ಕೆ ಸುಮಾರು 26 ಮಿ.ಮೀ. ಅಡ್ಡ ವಾಟ ಬಂದುಬಿಡುತ್ತದೆ. ಕಣ್ಣಂದಾಜಿಗೆ 5 ಡಿಗ್ರಿ ಗೊತ್ತೇ ಆಗುವುದಿಲ್ಲ. ನೀರು ಒಂದು ಮೂಲೆಗೆ ಹೋಗಿ ನಿಂತ ಮೇಲೆ ಗೊತ್ತಾಗುತ್ತದೆ.

ವರ್ಷಪೂರ್ತಿ ಕಣ, ಚರಂಡಿ, ಪಾರ್ಕಿಂಗ್ ಜಾಗ ಅಂತ ಇಳಿಜಾರಿನ ಕೆಲಸವೇ ಮಾಡುವವರಿಗೆ ಸ್ಲೋಪ್ ಬೇಕು. ನಿಮಗೆ ಸದ್ಯಕ್ಕೆ ಬೇಡ.

ಸಕಲೇಶಪುರ ಬೆಳೆಗಾರ
ಕಣ ಕಟ್ಟಿಸಿಕೊಂಡವನ ಕಡೆಯಿಂದ ಎರಡು ಮಾತು. ನಿಮ್ಮ ಮೆಷಿನ್ ಯಾವುದಾದರೂ ನಮಗೆ ಒಂದೇ. ನೀರು ನಿಲ್ಲಬಾರದು. ಕೊಯ್ಲಿನ ಟೈಮಲ್ಲಿ ಅಕಾಲದ ಮಳೆ ಬಂದರೆ, ಟಾರ್ಪಾಲು ಮುಚ್ಚಿದ್ದರೂ ಕೆಳಗಿನಿಂದ ನೀರು ನುಗ್ಗಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ) ನೆನೆಯುತ್ತದೆ. ಒಂದು ಅಂಗೈ ಅಗಲದ ಗುಂಡಿಯಲ್ಲಿ ನೀರು ನಿಂತರೂ ಅಲ್ಲಿನ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ. ಚೆರ್ರಿ ಒಣಗಿಸುವಾಗಲೂ ಅದೇ ಕಥೆ.

ನಮ್ಮದು ಡಂಪಿ ಇಟ್ಟು, ಗುರುತೆಲ್ಲ ಹಾಕಿ ಮಾಡಿಸಿದ ಕಣ. ಗುರುತು ಇದ್ದ ಕಡೆ ಎಲ್ಲ ಸರಿ ಇದೆ. ಎರಡು ಗುರುತಿನ ನಡುವೆ ತಟ್ಟೆಯಂತೆ ಗುಂಡಿ. ಲೆವೆಲ್ ತಪ್ಪಿರಲಿಲ್ಲ. ಕಾಂಕ್ರೀಟ್ ಮಟ್ಟ ಮಾಡಲು ಪಟ್ಟಿ ಎಳೆದವರು ನಡುವೆ ಕೈ ಸಡಿಲ ಬಿಟ್ಟಿದ್ದರು. ಹಾಗಾಗಿ ಲೇಸರ್ ತಗೊಂಡ ತಕ್ಷಣ ಕಣ ಸರಿಯಾಗುತ್ತದೆ ಅಂದುಕೊಳ್ಳಬೇಡಿ. ಕಾಂಕ್ರೀಟ್ ಹಸಿ ಇರುವಾಗಲೇ ಗುರುತಿನ ನಡುವೆಯೂ ರಿಸೀವರ್ ಇಟ್ಟು ನೋಡಿ. ಕೆಲಸ ಮುಗಿದ ಮೇಲೆ ಟ್ಯಾಂಕರಿನಲ್ಲಿ ನೀರು ಬಿಟ್ಟು ತೋರಿಸಿ, ಆಮೇಲೆ ಬಿಲ್ ಕೇಳಿ.

ಬೇಲೂರು ಗಾರೆ ಮೇಸ್ತ್ರಿ
ಬೆಳೆಗಾರರು ಹೇಳಿದ್ದು ನೂರಕ್ಕೆ ನೂರು. ಬುಲ್ ಮಾರ್ಕ್ (ಮುಗಿಯುವ ಮಟ್ಟ ತೋರಿಸಲು ಅಲ್ಲಲ್ಲಿ ಇಡುವ ಗುರುತು) ಎಷ್ಟು ಹತ್ತಿರ ಇಟ್ಟರೆ ಅಷ್ಟು ಒಳ್ಳೆಯದು. ಅಲ್ಯೂಮಿನಿಯಂ ಪಟ್ಟಿಯ ಎರಡು ತುದಿಯೂ ಮಾರ್ಕಿನ ಮೇಲೆ ಕೂರಬೇಕು. ಪಟ್ಟಿ ಎರಡು ಮೀಟರ್ ಇದ್ದು ಮಾರ್ಕ್ ಮೂರು ಮೀಟರಿಗೆ ಒಂದು ಇದ್ದರೆ ನಡುವೆ ದೇವರೇ ಗತಿ.

ಸರ್ವೇಯವರ ಚೀಟಿ ಲೆಕ್ಕ ಚೆನ್ನಾಗಿದೆ. ಅದು ಪೈಪಿನಲ್ಲೂ ಬರುತ್ತದೆ ಅಲ್ವಾ?

ಸರ್ವೇ ಚಿಕ್ಕಮಗಳೂರು
ಬರುತ್ತದೆ ಮೇಸ್ತ್ರಿಯವರೇ. ಹತ್ತು ಸಾಲಿಗೆ ಪೈಪ್ ಎಳೆಯುವ ಇಬ್ಬರು ಹುಡುಗರು ಸಂಜೆಗೆ ನಿಮ್ಮನ್ನೇ ಬೈಯುತ್ತಾರೆ, ಅಷ್ಟೇ ವ್ಯತ್ಯಾಸ.

ಕಡೂರು ಜೆಸಿಬಿ
ಅಣ್ಣ, ನಮ್ಮ ಕಡೆಯಿಂದಲೂ ಕೇಳಿ. ನಾವು ಗಂಟೆ ಲೆಕ್ಕದವರು. ಡಂಪಿ ಇದ್ದ ಸೈಟಿನಲ್ಲಿ ನಾನು ಒಂದು ಬಕೆಟ್ ತೆಗೆದು ಸುಮ್ಮನೆ ಕೂರುತ್ತೇನೆ. ಒಬ್ಬ ಸ್ಟಾಫ್ ಹಿಡಿಯುತ್ತಾನೆ, ಇನ್ನೊಬ್ಬ ಅಲ್ಲಿಂದ ಕೈ ಅಲ್ಲಾಡಿಸುತ್ತಾನೆ, ಅವನು ಮೇಲೆ ಅಂದನೋ ಕೆಳಗೆ ಅಂದನೋ ಇವನಿಗೆ ಗೊತ್ತಾಗುವುದಿಲ್ಲ. ಅಷ್ಟು ಹೊತ್ತೂ ಮೀಟರ್ ಓಡುತ್ತಿರುತ್ತದೆ. ಲೇಸರ್ ಇದ್ದರೆ ಬಕೆಟ್ ಪಕ್ಕದಲ್ಲೇ ಒಬ್ಬ ಸ್ಟಾಫ್ ಹಿಡಿದು ನಿಂತಿರುತ್ತಾನೆ. ಬೀಪ್ ನನಗೂ ಕೇಳುತ್ತದೆ.

ಕೇಳಬೇಕು ಅಂದರೆ ಸದ್ದು ಜೋರಾಗಿರುವ ರಿಸೀವರ್ ತಗೊಳ್ಳಿ. ಇಂಜಿನ್ ಸದ್ದಿನಲ್ಲಿ ಸಣ್ಣ ಬೀಪ್ ಕೇಳುವುದಿಲ್ಲ. ಹಿಂದೆ ಮುಂದೆ ಎರಡೂ ಕಡೆ ಬಾಣದ ಗುರುತು ಕಾಣುವಂತೆ ಡಿಸ್‌ಪ್ಲೇ ಇದ್ದರೆ ಇನ್ನೂ ಒಳ್ಳೆಯದು. ಜೆಸಿಬಿಯ ತೋಳಿಗೇ ಅಯಸ್ಕಾಂತದಲ್ಲಿ ಕಚ್ಚಿಸುವ ದೊಡ್ಡ ರಿಸೀವರ್‌ಗಳೂ ಇವೆ. ಹತ್ತಿಪ್ಪತ್ತು ಎಕರೆ ಮಟ್ಟ ಮಾಡುವವರಿಗೆ ಅದು ಸರಿ, ನಿಮಗೆ ಬೇಡ.

ಹಾಸನ ಸೈಟ್ ಇಂಜಿನಿಯರ್
ಈ ಚರ್ಚೆಯಲ್ಲಿ ಯಾರೂ ಹೇಳದ ಒಂದು ವಿಷಯ ಇದೆ. ನನ್ನ ಪ್ರಕಾರ ಆಯ್ಕೆ ನಿಂತಿರುವುದೇ ಅದರ ಮೇಲೆ.

ಸೆಲ್ಫ್ ಲೆವೆಲಿಂಗ್ ಎಂದರೆ ಯಂತ್ರ ಸುಮಾರು 5 ಡಿಗ್ರಿಯವರೆಗೆ ಓರೆಯಾಗಿದ್ದರೂ ತಾನೇ ಮಟ್ಟ ಸರಿಮಾಡಿಕೊಳ್ಳುತ್ತದೆ. ಎಲ್ಲರೂ ಇದನ್ನು ವರ ಅಂದುಕೊಳ್ಳುತ್ತಾರೆ. ಸೈಟಿನಲ್ಲಿ ಇದೇ ಕೈಕೊಡುತ್ತದೆ. ಹೇಗೆ ಅಂದರೆ, ಜಲ್ಲಿ ಬಾಣಲೆ ಹೊತ್ತವನ ಕಾಲು ಸ್ಟ್ಯಾಂಡಿಗೆ ತಾಗುತ್ತದೆ. ಒಂದು ಕಾಲು ಹಸಿ ಮಣ್ಣಿನಲ್ಲಿ ಎರಡು ಬೆರಳು ಹೂತುಹೋಗುತ್ತದೆ. ಯಂತ್ರದ ತಲೆ ನಿಲ್ಲುತ್ತದೆ, ದೀಪ ಮಿಟುಕುತ್ತದೆ, ಹತ್ತು ಹದಿನೈದು ಸೆಕೆಂಡಿನಲ್ಲಿ ಮತ್ತೆ ಮಟ್ಟ ಮಾಡಿಕೊಂಡು ಏನೂ ಆಗಿಲ್ಲವೆಂಬಂತೆ ಸುತ್ತತೊಡಗುತ್ತದೆ. ಬೆಳಕು ಮಟ್ಟದಲ್ಲೇ ಇದೆ, ಆದರೆ ಮೊದಲಿಗಿಂತ 15 ಮಿ.ಮೀ. ಕೆಳಗೆ. ರಿಸೀವರ್ ಅದೇ ಖುಷಿಯಲ್ಲಿ ಬೀಪ್ ಮಾಡುತ್ತದೆ. ಅಲ್ಲಿಂದ ಮುಂದೆ ಹಾಕಿದ ಗುರುತೆಲ್ಲ ತಪ್ಪು. ಡಂಪಿಯಾದರೆ ಕಣ್ಣಿಟ್ಟು ನೋಡುವವನು ಪಕ್ಕದಲ್ಲೇ ಇರುತ್ತಾನೆ, ಕಾಲು ತಾಗಿದ್ದು ಗೊತ್ತಾಗುತ್ತದೆ. ಲೇಸರ್ ಹತ್ತಿರ ಯಾರೂ ಇರುವುದಿಲ್ಲ.

ಇದಕ್ಕೇ ಒಳ್ಳೆಯ ಮೆಷಿನ್ನುಗಳಲ್ಲಿ ಎತ್ತರ ಬದಲಾದ ಎಚ್ಚರಿಕೆ ಎಂಬ ಸೌಲಭ್ಯ ಇರುತ್ತದೆ. ಅಂಗಡಿಯಲ್ಲಿ ಎಚ್‌ಐ ಅಲರ್ಟ್ ಅಥವಾ ಟಿಲ್ಟ್ ಅಲಾರಂ ಎಂದು ಕೇಳಿ. ಜೋರಾಗಿ ಅಲ್ಲಾಡಿದರೆ ಅದು ಮತ್ತೆ ತಾನೇ ಮಟ್ಟ ಮಾಡಿಕೊಳ್ಳುವುದಿಲ್ಲ. ನಿಂತು ಕೂಗುತ್ತದೆ. ನೀವು ಹೋಗಿ ಬೆಂಚ್ ಮಾರ್ಕ್ (ಎತ್ತರ ಹೋಲಿಸಿ ನೋಡಲು ಹಾಕಿಟ್ಟ ಕಾಯಂ ಗುರುತು) ನೋಡಿ, ಮತ್ತೆ ಶುರು ಮಾಡಬೇಕು. ಇದು ಇಲ್ಲದ ರೋಟರಿ ತಗೊಳ್ಳಬೇಡಿ. ಅಂಗಡಿಯವರು ಇದೆ ಅಂದರೆ ಸ್ಟ್ಯಾಂಡಿಗೆ ಸಣ್ಣಗೆ ಒದ್ದು ತೋರಿಸಿ ಅನ್ನಿ. ನಗಬೇಡಿ, ನಿಜವಾಗಿ ಒದೆಸಿ.

ಇದ್ದರೂ, ಚಹಾ ಮುಗಿಸಿ ಬಂದಾಗ, ಊಟ ಮುಗಿಸಿ ಬಂದಾಗ ಬೆಂಚ್ ಮಾರ್ಕಿನ ಮೇಲೆ ಸ್ಟಾಫ್ ಇಟ್ಟು ಒಮ್ಮೆ ನೋಡುವ ರೂಢಿ ಬೇಕು. ಬೆಂಚ್ ಮಾರ್ಕ್ ಗೂಟದ ಮೇಲೆ ಬೇಡ, ಗೂಟವೂ ಅಲ್ಲಾಡುತ್ತದೆ. ಹಳೇ ಪಲ್ಪರ್ ಹೌಸಿನ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಕಟ್ಟಡ) ಗೋಡೆ, ದೊಡ್ಡ ಬಂಡೆ, ಅಂಥದ್ದರ ಮೇಲೆ ಹಾಕಿ.

ಆಲ್ದೂರು ಕಾಂಟ್ರಾಕ್ಟರ್
ಮೇಡಂ, ಇದು ಅಂಗಡಿಯವರು ಹೇಳಲೇ ಇಲ್ಲ. ಅವರು ಹೇಳಿದ್ದು ಬರೀ 400 ಮೀಟರ್, 500 ಮೀಟರ್ ಅಂತ ದೂರದ ಲೆಕ್ಕ.

ಇನ್ನೂ ಕೆಲವು ಸಂಶಯ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೂ ಮಂಜು, ಹನಿ ಮಳೆ ಇರುತ್ತದೆ. ಆಗ ಕೆಲಸ ಮಾಡುತ್ತದಾ? ಕರೆಂಟ್ ನಂಬುವ ಹಾಗಿಲ್ಲ, ಬ್ಯಾಟರಿ ಹೇಗೆ? ಮಾಡೆಲ್ ಹೆಸರು ಹೇಳಿದರೆ ಉಪಕಾರ.

ಸರ್ವೇ ಚಿಕ್ಕಮಗಳೂರು
ದೂರದ ಲೆಕ್ಕವನ್ನು ಸರಿಯಾಗಿ ಓದಿ. ಡಬ್ಬದ ಮೇಲೆ ಬರೆಯುವುದು ಸಾಮಾನ್ಯವಾಗಿ ವ್ಯಾಸ. 400 ಮೀಟರ್ ಎಂದರೆ ಯಂತ್ರದಿಂದ ಒಂದು ಕಡೆಗೆ 200 ಮೀಟರ್. ನಿಮ್ಮ ಕಣದಲ್ಲಿ ಉದ್ದದ ಅಂಚಿನ ನಡುವೆ ಯಂತ್ರ ಇಟ್ಟರೆ ದೂರದ ಮೂಲೆ 25 ಮೀಟರ್. ದೂರ ನಿಮಗೆ ಲೆಕ್ಕವೇ ಅಲ್ಲ.

ನಿಖರತೆಯೂ ಹಾಗೆಯೇ. ಒಳ್ಳೆಯ ಮೆಷಿನ್ ಎಂದರೆ 30 ಮೀಟರಿಗೆ 1.5 ಮಿ.ಮೀ. ವ್ಯತ್ಯಾಸ, ಕೆಲವು ಕಡೆ ಇದನ್ನೇ 10 ಸೆಕೆಂಡ್ ಎಂದು ಬರೆಯುತ್ತಾರೆ. ಅದು ಕೋನದ ಸೆಕೆಂಡ್, ಗಡಿಯಾರದ್ದಲ್ಲ. ಸಾಧಾರಣ ಮೆಷಿನ್ನಿನಲ್ಲಿ 30 ಮೀಟರಿಗೆ 3 ಮಿ.ಮೀ. ನಿಮ್ಮ ಹುಡುಗ ಗೂಟಕ್ಕೆ ಎಳೆಯುವ ಪೆನ್ಸಿಲ್ ಗೆರೆಯೇ ಒಂದೆರಡು ಮಿ.ಮೀ. ದಪ್ಪ ಇರುತ್ತದೆ. ಕಣಕ್ಕೂ ಪಾಯಕ್ಕೂ ಎರಡೂ ನಡೆಯುತ್ತವೆ.

ಹೆಸರು ಕೇಳಿದಿರಿ. ಬಾಷ್ ಜಿಆರ್‌ಎಲ್ 400 ಎಚ್: ಬರೀ ಸಮತಟ್ಟು, ಮೀಟರಿಗೆ 0.08 ಮಿ.ಮೀ., ರಿಸೀವರ್ ಜೊತೆ 400 ಮೀಟರ್ ವ್ಯಾಸ, ಐಪಿ 56. ಅದೇ ಕಂಪನಿಯ ಜಿಆರ್‌ಎಲ್ 300 ಎಚ್‌ವಿ ನೆಟ್ಟಗೂ ನಿಲ್ಲಿಸಬಹುದು, ಮೀಟರಿಗೆ 0.1 ಮಿ.ಮೀ., ಐಪಿ 54. ಟಾಪ್‌ಕಾನ್ ಆರ್‌ಎಲ್ ಎಚ್5ಎ: ಸಮತಟ್ಟು, 10 ಸೆಕೆಂಡ್, 800 ಮೀಟರ್ ವ್ಯಾಸ, ಐಪಿ 66. ಸ್ಪೆಕ್ಟ್ರಾ ಪ್ರಿಸಿಷನ್ ಎಲ್‌ಎಲ್300ಎನ್: 30 ಮೀಟರಿಗೆ 1.5 ಮಿ.ಮೀ., 500 ಮೀಟರ್ ವ್ಯಾಸ, ಐಪಿ 66. ಬೆಲೆ ನಾನು ಬರೆಯುವುದಿಲ್ಲ, ಅಂಗಡಿಗೊಂದು ತಿಂಗಳಿಗೊಂದು. ರಿಸೀವರ್, ಸ್ಟ್ಯಾಂಡ್, ಸ್ಟಾಫ್ ಎಲ್ಲ ಸೇರಿಸಿ ಕೊಟೇಶನ್ ತಗೊಳ್ಳಿ. ಇಲ್ಲದಿದ್ದರೆ ಮೆಷಿನ್ ಅಗ್ಗ, ಉಳಿದದ್ದು ದುಬಾರಿ ಆಗುತ್ತದೆ.

ಐಪಿ ನಂಬರಿನಲ್ಲಿ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 54ರ 4 ಎಂದರೆ ಎರಚಿದ ನೀರು ತಡೆಯುತ್ತದೆ. 66 ಎಂದರೆ ಜೋರಾದ ಪೈಪಿನ ನೀರೂ ಒಳಗೆ ಹೋಗದು, ಧೂಳು ಪೂರ್ತಿ ಬಂದ್. ಕಡೂರು, ಅರಸೀಕೆರೆಯವರಿಗೆ ಮೊದಲನೆಯ ಅಂಕಿ ಮುಖ್ಯ, ನಮ್ಮ ಮಲೆನಾಡಿನವರಿಗೆ ಎರಡನೆಯದು. ಮೂಡಿಗೆರೆ ಕೆಲಸಕ್ಕೆ ನಾನಾದರೆ 66 ಇರುವುದನ್ನೇ ನೋಡುತ್ತೇನೆ.

ದಟ್ಟ ಮಂಜಿನಲ್ಲಿ ಬೆಳಕು ಚೆದುರಿ ದೂರ ಕಡಿಮೆಯಾಗುತ್ತದೆ. 25 ಮೀಟರಿಗೆ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ. ತೊಂದರೆ ಕೊಡುವುದು ಯಂತ್ರದ ತಲೆಯ ಗಾಜಿನ ಮೇಲೆ ಕೂತ ಹನಿ. ಅದರ ಮೂಲಕ ಹೋದ ಬೆಳಕು ಬಾಗುತ್ತದೆ, ಆ ದಿಕ್ಕಿನಲ್ಲಿ ಮಾತ್ರ ಓದು ಕುಣಿಯುತ್ತದೆ. ಮೆತ್ತನೆಯ ಒಣ ಬಟ್ಟೆ ಪೆಟ್ಟಿಗೆಯಲ್ಲೇ ಇರಲಿ. ಪಂಚೆಯ ತುದಿಯಲ್ಲಿ ಒರೆಸಬೇಡಿ, ಸಿಮೆಂಟ್ ಧೂಳು ಗಾಜು ಗೀಚುತ್ತದೆ.

ಸಕಲೇಶಪುರ ಬೆಳೆಗಾರ
ಒದ್ದೆ ಮೆಷಿನ್ ಪೆಟ್ಟಿಗೆಗೆ ಹಾಕಿ ಮುಚ್ಚಿಡಬೇಡಿ ಎಂದೂ ಸೇರಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಬರುತ್ತದೆ. ನನ್ನ ಕ್ಯಾಮೆರಾ ಲೆನ್ಸ್ ಒಳಗೆ ಜೇಡರ ಬಲೆಯ ಹಾಗೆ ಫಂಗಸ್ ಬೆಳೆದಿತ್ತು. ಲೇಸರಿನಲ್ಲೂ ಇರುವುದು ಗಾಜೇ ತಾನೆ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ಆಗಾಗ ಹೊರಗೆ ತೆಗೆದು ಗಾಳಿಗೆ ಇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಸೆಲ್ ತೆಗೆದಿಡಿ, ಸೋರಿದರೆ ತಗಡು ತಿಂದುಬಿಡುತ್ತದೆ.

ಹಾಸನ ಸೈಟ್ ಇಂಜಿನಿಯರ್
ಬ್ಯಾಟರಿಗೆ ನನ್ನ ಸಲಹೆ: ದೊಡ್ಡ ಟಾರ್ಚಿನ ಸೆಲ್ ಹಾಕುವಂಥದ್ದು ತಗೊಳ್ಳಿ. ಮೇಲೆ ಹೇಳಿದ ಬಾಷ್ 400ಕ್ಕೆ ಎರಡು ಸೆಲ್ ಸಾಕು, ಟಾಪ್‌ಕಾನ್‌ಗೆ ನಾಲ್ಕು. ಚಾರ್ಜ್ ಆಗುವ ಪ್ಯಾಕ್ ಇದ್ದರೆ ಒಳ್ಳೆಯದೇ, ಆದರೆ ರಾತ್ರಿ ಕರೆಂಟ್ ಹೋದರೆ ಬೆಳಗ್ಗೆ ಎಂಟು ಗಂಟೆಗೆ ಜನರನ್ನು ನಿಲ್ಲಿಸಿಕೊಂಡು ಏನು ಮಾಡುತ್ತೀರಿ? ಎರಡೂ ಹಾಕಲು ಬರುವ ಮೆಷಿನ್ ಸಿಕ್ಕರೆ ಅದೇ. ಸೆಲ್ ಮಾತ್ರ ಆಲ್ಕಲೈನ್ ಕೇಳಿ ತಗೊಳ್ಳಿ, ಹಳ್ಳಿ ಅಂಗಡಿಯಲ್ಲಿ ಸಿಗುವ ಮಾಮೂಲಿ ಸೆಲ್ ಬೇಗ ಸೋಲುತ್ತದೆ. ಹಾಸನದಿಂದ ಒಂದು ಡಬ್ಬ ತಂದಿಟ್ಟುಕೊಂಡರೆ ಸೀಸನ್ ಕಳೆಯುತ್ತದೆ.

ಅರಸೀಕೆರೆ ಸೆಂಟ್ರಿಂಗ್
ಹೆಸರಿಲ್ಲದ ಅಗ್ಗದ ಮೆಷಿನ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಆನ್‌ಲೈನ್‌ನಲ್ಲಿ ಒಂದು ತರಿಸಿದ್ದೆ. ಮೆಷಿನ್ ಚೆನ್ನಾಗಿಯೇ ಇತ್ತು. ರಿಸೀವರ್ ಸ್ಲ್ಯಾಬ್ ಮೇಲಿಂದ ಕೆಳಗೆ ಬಿತ್ತು, ಒಡೆಯಿತು. ಬಿಡಿ ರಿಸೀವರ್ ಎಲ್ಲಿ ಕೇಳಿದರೂ ಇಲ್ಲ, ಮಾರಿದವರು ಫೋನ್ ಎತ್ತುವುದಿಲ್ಲ. ಬೇರೆ ಕಂಪನಿಯ ಕೆಂಪು ರಿಸೀವರ್ ಹಾಕಿ ನಡೆಸುತ್ತಿದ್ದೇನೆ, ಹಿಡಿಯುತ್ತದೆ. ಆದರೆ ಅದರ ಬೆಲೆಯೇ ಮೆಷಿನ್ನಿನ ಹತ್ತಿರಕ್ಕೆ ಬಂತು.

ಸೆಂಟ್ರಿಂಗ್‌ಗೆ ಮಾತ್ರ ರೋಟರಿ ಬಿಟ್ಟು ಬೇರೆ ಬೇಡ ಅನಿಸಿದೆ. ಕೆಳಗೆ ಯಂತ್ರ ಇಟ್ಟು, ರಿಸೀವರನ್ನು ಸ್ಟಾಫಿನ ತುದಿಗೆ ಕಟ್ಟಿ, ಶೀಟಿಗೆ ತಾಗಿಸಿ ಎತ್ತಿ ಹಿಡಿದರೆ ಜಾಕ್ ತಿರುಗಿಸುವವನಿಗೆ ಅಲ್ಲೇ ಗೊತ್ತಾಗುತ್ತದೆ. ಮೋಲ್ಡ್ ಹಾಕುವ ದಿನ ಇನ್ನೊಮ್ಮೆ ನೋಡುವುದೂ ಸುಲಭ.

ಸರ್ವೇ ಚಿಕ್ಕಮಗಳೂರು
ರಿಸೀವರ್ ಬೀಳುವುದು ಎಲ್ಲ ಕಡೆಯೂ ಇರುವ ಕಥೆ. ಕೈಯಲ್ಲಿ ಓಡಾಡುವುದು ಅದೇ. ಅದಕ್ಕೇ ಮೊದಲ ದಿನವೇ ಕೇಳಬೇಕಾದ ಪ್ರಶ್ನೆ: ಬಿಡಿ ರಿಸೀವರ್ ಸಿಗುತ್ತದಾ, ಕ್ಯಾಲಿಬ್ರೇಷನ್ (ಯಂತ್ರದ ಮಟ್ಟ ಪರೀಕ್ಷಿಸಿ ಸರಿಮಾಡುವುದು) ಎಲ್ಲಿ ಮಾಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ. ನಮ್ಮ ಕಡೆಯವರಿಗೆ ಉತ್ತರ ಹೆಚ್ಚಾಗಿ ಬೆಂಗಳೂರೇ. ಕೊರಿಯರ್‌ಗೆ ಹಾಕಬೇಡಿ, ಯಾರಾದರೂ ಬಸ್ಸಿನಲ್ಲಿ ಹೋಗುವವರ ತೊಡೆಯ ಮೇಲೆ ಕಳಿಸಿ. ಲೋಲಕದ ಮೇಲೆ ಮಟ್ಟ ಮಾಡಿಕೊಳ್ಳುವ ಮೆಷಿನ್ನಾದರೆ ಲಾಕ್ ಹಾಕಿದ್ದೀರಾ ನೋಡಿ. ಎಸ್ಟೇಟ್ ರಸ್ತೆಯಲ್ಲಿ ಪಿಕಪ್ ಹಿಂದೆ ಹಾಕಿಕೊಂಡು ಬಂದರೂ ಅಷ್ಟೆ.

ಪರೀಕ್ಷೆ ನೀವೇ ಮಾಡಬಹುದು. ಗೋಡೆಯಿಂದ 30 ಮೀಟರ್ ದೂರ ಯಂತ್ರ ಇಡಿ. ರಿಸೀವರ್‌ನಲ್ಲಿ ಗೋಡೆಗೆ ಗುರುತು ಹಾಕಿ. ಸ್ಟ್ಯಾಂಡ್ ಅಲ್ಲಾಡಿಸದೆ ಯಂತ್ರವನ್ನು ಮಾತ್ರ 180 ಡಿಗ್ರಿ ತಿರುಗಿಸಿ, ಮಟ್ಟ ಮಾಡಿಕೊಂಡ ಮೇಲೆ ಇನ್ನೊಂದು ಗುರುತು. ಎರಡರ ನಡುವಿನ ಅಂತರ ಯಂತ್ರದ ತಪ್ಪಿನ ಎರಡು ಪಟ್ಟು. 1.5 ಮಿ.ಮೀ. ಎಂದು ಬರೆದ ಮೆಷಿನ್ನಿಗೆ 3 ಮಿ.ಮೀ. ಒಳಗೆ ಇದ್ದರೆ ಸರಿ. ಆಮೇಲೆ ಯಂತ್ರವನ್ನು 90 ಡಿಗ್ರಿ ತಿರುಗಿಸಿ ಇನ್ನೊಂದು ಅಕ್ಷಕ್ಕೂ ಹೀಗೇ ನೋಡಿ, ಅದನ್ನು ಬಹಳ ಜನ ಮರೆಯುತ್ತಾರೆ. ತಗೊಳ್ಳುವ ದಿನ ಅಂಗಡಿ ಮುಂದೆಯೇ ಮಾಡಿ. ಆಮೇಲೆ ಪ್ರತಿ ದೊಡ್ಡ ಕೆಲಸಕ್ಕೆ ಮೊದಲು ಒಮ್ಮೆ.

ಬೇಲೂರು ಗಾರೆ ಮೇಸ್ತ್ರಿ
ಇಷ್ಟೆಲ್ಲ ತಿರುಗಿಸುವ ಬದಲು 30 ಮೀಟರ್ ಪೈಪಿನಲ್ಲಿ ಎರಡು ಕಡೆ ಗುರುತು ಹಾಕಿ, ಲೇಸರ್ ಒಂದು ಗುರುತಿನ ಪಕ್ಕ ಇಟ್ಟು ಇನ್ನೊಂದಕ್ಕೆ ಹೊಂದುತ್ತದಾ ನೋಡಿದರೆ ಆಗುವುದಿಲ್ಲವಾ?

ಸರ್ವೇ ಚಿಕ್ಕಮಗಳೂರು
ಆಗುತ್ತದೆ. ಪೈಪ್ ಇಡೀ ನೆರಳಲ್ಲಿರಲಿ, ಗುಳ್ಳೆ ಇಲ್ಲದಿರಲಿ. ದೊಡ್ಡ ತಪ್ಪಿದ್ದರೆ ಖಂಡಿತ ಸಿಕ್ಕಿಬೀಳುತ್ತದೆ. ಒಂದೆರಡು ಮಿ.ಮೀ. ವ್ಯತ್ಯಾಸಕ್ಕೆ ಮಾತ್ರ 180 ಡಿಗ್ರಿ ಪರೀಕ್ಷೆಯೇ ಬೇಕು.

ಚನ್ನರಾಯಪಟ್ಟಣ ಟೈಲ್ಸ್
ಕಣ್ಣಿಗೆ ಏನೂ ಆಗಲ್ಲವಾ? ಲೈನ್ ಮನೆ ಹತ್ತಿರ ಮಕ್ಕಳು ಓಡಾಡುತ್ತಿರುತ್ತಾರೆ.

ಹಾಸನ ಸೈಟ್ ಇಂಜಿನಿಯರ್
ಒಳ್ಳೆಯ ಪ್ರಶ್ನೆ. ಮೆಷಿನ್ ಮೇಲೆ ಹಳದಿ ಚೀಟಿ ಇರುತ್ತದೆ, ಕ್ಲಾಸ್ 2 ಎಂದಿದ್ದರೆ 1 ಮಿಲಿವ್ಯಾಟ್ ಒಳಗೆ. ತಾಗಿದ ಕೂಡಲೇ ರೆಪ್ಪೆ ಮುಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಹಾನಿ ಆಗುವುದಿಲ್ಲ. ಬೇಕೆಂದೇ ದಿಟ್ಟಿಸಬಾರದು. 3ಆರ್ ಎಂದಿದ್ದರೆ 5 ಮಿಲಿವ್ಯಾಟ್‌ವರೆಗೂ ಹೋಗಬಹುದು, ಜನ ಓಡಾಡುವ ಕಡೆ ಬೇಡ. ಯಾವುದೇ ಆದರೂ ಬೆಳಕು ದೊಡ್ಡವರ ಕಣ್ಣಿಗಿಂತ ಮೇಲೆ ಇರುವಂತೆ ಸ್ಟ್ಯಾಂಡ್ ಎತ್ತರಿಸಿ. ಇದರಿಂದ ಇನ್ನೊಂದು ಲಾಭ, ಓಡಾಡುವವರು ಬೆಳಕಿಗೆ ಅಡ್ಡ ಬರುವುದಿಲ್ಲ. ಸ್ಟಾಫ್ ಉದ್ದದ್ದೇ ತಗೊಳ್ಳಿ.

ಆಲ್ದೂರು ಕಾಂಟ್ರಾಕ್ಟರ್
ಎಲ್ಲರಿಗೂ ಧನ್ಯವಾದ. ಕೆಂಪು, ಸಮತಟ್ಟು ಮಾತ್ರ, ಐಪಿ 66, ಎತ್ತರದ ಎಚ್ಚರಿಕೆ ಇರುವುದು, ಬಿಡಿ ರಿಸೀವರ್ ಸಿಗುವುದು. ಇಷ್ಟು ಬರೆದುಕೊಂಡಿದ್ದೇನೆ. ಶುರುವಿಗೇ ಎರಡು ರಿಸೀವರ್ ತಗೊಳ್ಳಲಾ? ಡಂಪಿ ಬಾಡಿಗೆ ಪೂರ್ತಿ ಬಿಡಬಹುದಾ?

ಸರ್ವೇ ಚಿಕ್ಕಮಗಳೂರು
ಎರಡು ರಿಸೀವರ್ ತಗೊಳ್ಳಿ. ಒಂದು ಜೆಸಿಬಿ ಹತ್ತಿರ, ಒಂದು ಗೂಟ ಹೊಡೆಯುವವನ ಹತ್ತಿರ. ಒಂದೇ ಬೆಳಕಿಗೆ ಎಷ್ಟು ರಿಸೀವರ್ ಬೇಕಾದರೂ ಇಡಬಹುದು. ಆದರೆ ಪಕ್ಕದ ಸೈಟಿನಲ್ಲಿ ಇನ್ನೊಂದು ರೋಟರಿ ಸುತ್ತುತ್ತಿದ್ದರೆ ಹುಷಾರು, ನಿಮ್ಮ ರಿಸೀವರ್ ಅವರ ಬೆಳಕನ್ನೂ ಹಿಡಿಯಬಹುದು. ಕಿಟಕಿ ಗಾಜಿನಿಂದ ವಾಪಸ್ ಬಂದ ಬೆಳಕೂ ಒಮ್ಮೊಮ್ಮೆ ಹೀಗೆ ಆಟ ಆಡಿಸುತ್ತದೆ.

ಡಂಪಿ ಪೂರ್ತಿ ಬಿಡಬೇಡಿ. ತೋಟದ ರಸ್ತೆ, ಕೆರೆ ಏರಿ, ಹಳ್ಳದಿಂದ ನೀರು ತರುವ ಪೈಪ್‌ಲೈನ್, ಇಂಥ ಕಡೆ ಏರಿಳಿತ ಹತ್ತಾರು ಮೀಟರ್ ಇರುತ್ತದೆ. ಮೆಷಿನ್ ಎತ್ತಿ ಎತ್ತಿ ಇಡುತ್ತಾ ಹೋಗುವ ಕೆಲಸಕ್ಕೆ ಅದೇ ಸರಿ, ಓದನ್ನು ಪುಸ್ತಕದಲ್ಲಿ ಬರೆದಿಡಲೂ ಅದೇ ಅನುಕೂಲ. ವರ್ಷಕ್ಕೆ ಒಂದೆರಡು ಸಲ ಬೇಕಾಗುವುದಕ್ಕೆ ಬಾಡಿಗೆ ಸಾಕು.

ಆಲ್ದೂರು ಕಾಂಟ್ರಾಕ್ಟರ್
ಹಳೆಯ ಡಂಪಿ ಸ್ಟ್ಯಾಂಡ್ ಒಂದು ಗೋಡೌನಿನಲ್ಲಿ ಬಿದ್ದಿದೆ. ಅದೇ ನಡೆಯುತ್ತದಾ, ಹೊಸದು ಬೇಕಾ?

ಹಾಸನ ಸೈಟ್ ಇಂಜಿನಿಯರ್
ತಿರುಪು ಎರಡಕ್ಕೂ ಒಂದೇ ಅಳತೆ, ಐದು ಬೈ ಎಂಟು (5/8) ಇಂಚು. ತಲೆ ನೋಡಿ. ಚಪ್ಪಟೆ ಇದ್ದರೆ ನಡೆಯುತ್ತದೆ. ಕೆಲವು ಡಂಪಿ ಸ್ಟ್ಯಾಂಡಿನ ತಲೆ ಗುಮ್ಮಟದ ಹಾಗೆ ಉಬ್ಬಿರುತ್ತದೆ, ಅದರ ಮೇಲೆ ಲೇಸರಿನ ಚಪ್ಪಟೆ ತಳ ಸರಿಯಾಗಿ ಕೂರುವುದಿಲ್ಲ. ಕಾಲಿನ ತುದಿಯ ಕಬ್ಬಿಣದ ಮೊಳೆ ಸಡಿಲ ಆಗಿದೆಯಾ, ಕಾಲು ಮಡಚುವ ಬೋಲ್ಟ್ ಅಲ್ಲಾಡುತ್ತದಾ ಅದನ್ನೂ ನೋಡಿ. ಅಲ್ಲಾಡಿದರೆ ಬಿಗಿ ಮಾಡಿಸಿ, ಆಗದಿದ್ದರೆ ಹೊಸದು ತಗೊಳ್ಳಿ.